ಹಾವೇರಿಯ ಗುಡಿ, ಬ್ಯಾಡಗಿಯ ಪೇಟೆ

ಸ್ಪೇನ್ ದೇಶದ ದಕ್ಷಿಣ ಭಾಗದಲ್ಲಿರುವ ಸೆವಿಲ್ ನಗರಕ್ಕೆ ಹೋದವರು ಮೂರು ಕಟ್ಟಡಗಳನ್ನು ನೋಡದೆ ಹಿಂತಿರುಗುವುದಿಲ್ಲ. ಒಂದು ಅಲ್ಲಿನ ದೊಡ್ಡ ಕೆಥೆಡ್ರಲ್, ಇನ್ನೊಂದು ಅಲ್ಕಾಸರ್ ಅರಮನೆ, ಮೂರನೆಯದು ಇಂಡೀಸ್ ದಫ್ತರಖಾನೆ. ಈ ಮೂರನ್ನೂ ಯುನೆಸ್ಕೊ 1987ರಲ್ಲಿ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡಿ, ಅರಮನೆಗಳ ಸಾಲಿನಲ್ಲಿ ದಫ್ತರಖಾನೆ ಏಕೆ ನಿಂತಿತು ಎಂದು ಕೇಳಿದರೆ ಸಿಗುವ ಉತ್ತರ ಸೊಗಸಾಗಿದೆ. ಅದು ಮೊದಲು ದಫ್ತರಖಾನೆಯೇ ಆಗಿರಲಿಲ್ಲ, ವ್ಯಾಪಾರಿಗಳಿಗೆಂದು ಕಟ್ಟಿಸಿದ ಪೇಟೆಯ ಮನೆಯಾಗಿತ್ತು. 16ನೆಯ ಶತಮಾನದಲ್ಲಿ ಸೆವಿಲ್‌ನ ಸಾಹುಕಾರರು ಕೆಥೆಡ್ರಲ್ಲಿನ ಮೆಟ್ಟಿಲುಗಳ ಮೇಲೆಯೇ ವ್ಯವಹಾರ ಕುದುರಿಸುತ್ತಿದ್ದರು. ಮಳೆ ಬಂದರೆ ಒಳಕ್ಕೂ ನುಗ್ಗುತ್ತಿದ್ದರು. ಪಾದ್ರಿಗಳು ದೂರಿದಾಗ ದೊರೆ ಎರಡನೆಯ ಫಿಲಿಪ್, ಹುವಾನ್ ದೆ ಎರ್ರೇರ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಪಕ್ಕದಲ್ಲೇ ಬೇರೆ ಕಟ್ಟಡ ಎಬ್ಬಿಸಲು ಅಪ್ಪಣೆ ಕೊಟ್ಟ. ಕಾಲ ಕಳೆದಂತೆ ಗ್ವಾದಲ್ಕಿವಿರ್ ನದಿಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಒಳಬರಲಾರದಾದವು. 1717ರಲ್ಲಿ, ಅಲ್ಲಿಯವರೆಗೆ ಸೆವಿಲ್‌ನಿಂದ ನಡೆಯುತ್ತಿದ್ದ ಅಮೆರಿಕದ ವ್ಯಾಪಾರದ ಆಡಳಿತವನ್ನು ಕಡಲಂಚಿನ ಕಾದಿಸ್‌ಗೆ ಸಾಗಿಸಲಾಯಿತು. ಖಾಲಿಯಾದ ಪೇಟೆಮನೆಗೆ 1785ರಲ್ಲಿ ಹಳೆಯ ಕಾಗದಪತ್ರಗಳು ಬಂದು ಸೇರಿದವು. ಪೇಟೆ ಸತ್ತ ಮೇಲೆ ಅದು ನೋಡುವ ಜಾಗವಾಯಿತು. ಪೇಟೆಯೊಂದು ಪ್ರೇಕ್ಷಣೀಯವಾಗಲು ಮೊದಲು ಅದು ಸಾಯಲೇಬೇಕೇ ಎಂಬ ಪ್ರಶ್ನೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ದಾರಿಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಬೇಕಿಲ್ಲ ಎಂಬುದು ನನ್ನ ವಾದ. ಈ ಮೂರು ಊರುಗಳ ಇತಿಹಾಸವನ್ನು ಕಾಣಬೇಕಾದರೆ ಗುಡಿಯಷ್ಟೇ ಗಮನದಿಂದ ಅವುಗಳ ಪೇಟೆಯನ್ನೂ ನೋಡಬೇಕು, ಅದೂ ಪೇಟೆ ದುಡಿಯುತ್ತಿರುವಾಗಲೇ.

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಬ್ಬಳ್ಳಿ ದಾಟಿ ದಾವಣಗೆರೆಯತ್ತ ಸಾಗುವವರಿಗೆ ಇವು ದಾರಿಯಲ್ಲಿ ಬಂದು ಹೋಗುವ ಹೆಸರುಗಳು. ಹಾವೇರಿಯಿಂದ ರಾಣೆಬೆನ್ನೂರಿಗೆ ಸುಮಾರು 30 ಕಿಲೋಮೀಟರ್. ನಡುವೆ ಮೋಟೆಬೆನ್ನೂರಿನಲ್ಲಿ ತಿರುಗಿದರೆ ಸ್ವಲ್ಪ ದೂರದಲ್ಲೇ ಬ್ಯಾಡಗಿ. ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ನಡೆದರೆ ಮಲೆನಾಡಿನ ಸೆರಗು, ಪೂರ್ವಕ್ಕೆ ಹೊರಳಿದರೆ ತುಂಗಭದ್ರೆಯ ದಂಡೆಯ ಎರೆಹೊಲ. ಅಡಿಕೆ, ಏಲಕ್ಕಿ ಬೆಳೆಯುವ ನೆಲಕ್ಕೂ ಹತ್ತಿ, ಜೋಳ ಬೆಳೆಯುವ ನೆಲಕ್ಕೂ ನಡುವಿನ ಗಡಿ ಇದು. ಗಡಿಯ ಊರಿನಲ್ಲಿ ಕೊಡುಕೊಳ್ಳುವಿಕೆ ತಾನಾಗಿಯೇ ಬೆಳೆಯುತ್ತದೆ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಗುವ ಎಷ್ಟೋ ಮೊದಲು, ಬನವಾಸಿ ಪನ್ನಿರ್ಛಾಸಿರದ ಕಾಲದಿಂದಲೂ ಈ ಸೀಮೆಯ ಬದುಕು ಎರಡು ಬಗೆಯ ನೆಲಗಳ ನಡುವಿನ ಸಾಗಾಟದ ಮೇಲೆ ನಿಂತಿದೆ.

ಹಾವೇರಿಗೆ ಬರುವವರಿಗೆ ಮೊದಲು ತೋರಿಸುವುದು ಪುರದ ಸಿದ್ಧೇಶ್ವರ ಗುಡಿಯನ್ನು. ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡ. ಬಳಪದ ಕಲ್ಲಿನಲ್ಲಿ ಕಡೆದದ್ದು. ಚಾಲುಕ್ಯ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಇಂದು ಇಲ್ಲಿ ಪೂಜೆಗೊಳ್ಳುವವನು ಶಿವ. ಆದರೆ ಮೂಲದಲ್ಲಿ ಯಾವ ದೇವರಿಗೆ ಕಟ್ಟಿದ್ದು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಗೋಡೆಯ ಶಿಲ್ಪಗಳನ್ನೂ ಇಲ್ಲದಾಗಿರುವ ಮೂರ್ತಿಗಳ ಜಾಗವನ್ನೂ ನೋಡಿ ಇದು ಮೊದಲು ವೈಷ್ಣವ ಗುಡಿಯಾಗಿದ್ದಿರಬೇಕು ಎಂದು ಪುರಾತತ್ವ ವಿದ್ವಾಂಸ ಹೆನ್ರಿ ಕಸಿನ್ಸ್ ಊಹಿಸಿದ. ಸೆವಿಲ್‌ನಲ್ಲೂ ಇಂಥದೇ ಪದರಗಳಿವೆ: ಅಲ್ಲಿನ ಹಿರಾಲ್ದ ಗೋಪುರ 12ನೆಯ ಶತಮಾನದ ಕೊನೆಯಲ್ಲಿ ಮಸೀದಿಯ ಮಿನಾರಾಗಿ ಎದ್ದು, ಆಮೇಲೆ ಚರ್ಚಿನ ಗಂಟೆಗೋಪುರವಾಯಿತು. ಪ್ರವಾಸಿ ಇಲ್ಲಿ ಕೇಳುವ ವಾಡಿಕೆಯ ಪ್ರಶ್ನೆ ಯಾವ ದೇವರು ಮೊದಲು, ಯಾವ ದೇವರು ಆಮೇಲೆ ಎಂಬುದು. ಅದಕ್ಕಿಂತ ಹೆಚ್ಚು ತಿಳಿಸುವ ಪ್ರಶ್ನೆ ಇನ್ನೊಂದಿದೆ: ಇಷ್ಟು ಕುಸುರಿಗೆ ಬೇಕಾದ ಹಣ ಎಲ್ಲಿಂದ ಬಂತು, ದೇವರು ಬದಲಾದರೂ ದೀಪ ಆರದಂತೆ ಎಣ್ಣೆ ಕೊಟ್ಟವರು ಯಾರು?

ಈ ಸೀಮೆಯ ಶಾಸನಗಳಲ್ಲಿ ಅದಕ್ಕೆ ಉತ್ತರವಿದೆ. ರಾಜನ ಬಿರುದಾವಳಿ ಮುಗಿಯುವವರೆಗೆ ತಾಳ್ಮೆಯಿಂದ ಓದಿ ಮುಂದೆ ಬಂದರೆ, ಆಗಿನ ಶಾಸನಗಳ ಕೊನೆಯ ಭಾಗ ಬಹುಮಟ್ಟಿಗೆ ಲೆಕ್ಕದ ಪುಸ್ತಕ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳಲ್ಲಿ ಗುಡಿಗೆ ಬಿಟ್ಟ ಪಾಲು. ಇಂತಿಷ್ಟು ಹೇರು ಎಲೆಗೆ, ಇಂತಿಷ್ಟು ಹೇರು ಅಡಿಕೆಗೆ ಗುಡಿಗೆ ಸಲ್ಲಬೇಕಾದದ್ದು. ನಂದಾದೀವಿಗೆಗೆ ಗಾಣಕ್ಕೊಂದರಂತೆ ಎಣ್ಣೆ. ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘವೂ ಹೀಗೆ ಗುಡಿಗಳಿಗೆ ದತ್ತಿ ಬಿಟ್ಟ ದಾಖಲೆಗಳು ಕನ್ನಡ ನಾಡಿನ ತುಂಬ ಇವೆ. ಎಂದರೆ ಗುಡಿಯ ಕಂಬಕ್ಕೂ ಸಂತೆಯ ಹೇರಿಗೂ ಇದ್ದ ನಂಟು ನೇರವಾದದ್ದು. ಸುಂಕ ಬಂದರೆ ದೀಪ ಉರಿಯಿತು. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ನಿಂತಿರುವ ಮುಕ್ತೇಶ್ವರ ಗುಡಿಯನ್ನು ನೋಡುವವರು ಅದರ ಅಂಗಳದ ಶಾಸನದ ಕಲ್ಲುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವುದು ಒಳ್ಳೆಯದು. ಗುತ್ತಲದ ಅರಸರ ವಿಷಯ, 1225ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಶಿವದೇವನೆಂಬ ಶರಣನ ಬದುಕು, ದಾನಗಳ ವಿವರ, ಎಲ್ಲವೂ ಆ ಕಲ್ಲುಗಳ ಮೇಲಿದೆ. ವಸುಂಧರಾ ಫಿಲಿಯೋಜಾ ಮತ್ತು ಪಿಯರ್ ಸಿಲ್ವಾಂ ಫಿಲಿಯೋಜಾ ದಂಪತಿ ಈ ಒಂದೇ ಗುಡಿಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ವರದೆ ಬಂದು ತುಂಗಭದ್ರೆಯನ್ನು ಕೂಡುವಲ್ಲಿರುವ ಗಳಗನಾಥದ ಗಳಗೇಶ್ವರನದು ಇನ್ನೊಂದು ಬಗೆಯ ಸೋಜಿಗ: ಗುಡಿಯ ಬುಡಕ್ಕೆ ಪಿರಮಿಡ್ಡಿನಂತೆ ಇಳಿಜಾರಾಗಿ ಒಟ್ಟಿದ ಕಲ್ಲಿನ ಆಸರೆ. ಎರಡು ಹೊಳೆಗಳ ಸೊಕ್ಕಿಗೆ ಎದುರಾಗಿ ಗುಡಿ ನಿಲ್ಲಿಸಿದವರ ಲೆಕ್ಕಾಚಾರ ಅಲ್ಲಿ ಕಣ್ಣಿಗೆ ಕಾಣುತ್ತದೆ. (ಇದೇ ಗಳಗನಾಥವೆಂಬ ಹೆಸರಿನಿಂದ ಕನ್ನಡಿಗರಿಗೆ ಪರಿಚಿತರಾದ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಈ ಸೀಮೆಯಲ್ಲಿ ಸಾಹಿತ್ಯವೂ ಸಂತೆಯ ದಾರಿಯಲ್ಲೇ ನಡೆಯಿತು.)

ಗುಡಿಗಳ ಕಾಲ ಮುಗಿದ ಮೇಲೂ ಈ ವ್ಯವಸ್ಥೆ ನಿಲ್ಲಲಿಲ್ಲ, ಸರಕು ಮಾತ್ರ ಬದಲಾಯಿತು. ಹಾವೇರಿಯನ್ನು ಏಲಕ್ಕಿ ಕಂಪಿನ ಊರೆಂದು ಎಲ್ಲರೂ ಕರೆಯುತ್ತಾರೆ. ಹಾವೇರಿಯ ಹೊಲಗಳಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಅದು ಬರುತ್ತಿದ್ದುದು ಮಲೆನಾಡಿನ ತೋಟಗಳಿಂದ. ಇಲ್ಲಿ ನಡೆಯುತ್ತಿದ್ದುದು ಅದನ್ನು ಅಂಟುವಾಳದ ನೀರಿನಲ್ಲಿ ತೊಳೆದು, ಒಣಗಿಸಿ, ಬಿಳುಪು ಬರಿಸಿ, ಬಿಡಿಸಿ ಬೇರೆ ಮಾಡುವ ಕೆಲಸ. ಆ ಕೈಗುಣಕ್ಕಾಗಿ ಹಾವೇರಿಯ ಏಲಕ್ಕಿಗೆ ದೂರದ ಪೇಟೆಗಳಲ್ಲೂ ಹೆಸರಿತ್ತು. ಇಂದು ಆ ವ್ಯಾಪಾರ ಕುಗ್ಗಿದೆ. ಸಭೆ ಸಮಾರಂಭಗಳಲ್ಲಿ ಗಣ್ಯರ ಕೊರಳಿಗೆ ಬೀಳುವ ಏಲಕ್ಕಿ ಹಾರದಲ್ಲಿ ಅದರ ನೆನಪು ಉಳಿದಿದೆ. 2023ರ ಜನವರಿಯಲ್ಲಿ ಇಲ್ಲಿ ನಡೆದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಬಂದವರು ಊರಿನ ಗುರುತೆಂದು ಕಂಡದ್ದೂ ಅದನ್ನೇ. ಪರಊರಿನ ಮಾಲಿಗೆ ತನ್ನ ಕೈಯಿಂದ ಬೆಲೆ ಸೇರಿಸಿ ಮುಂದಕ್ಕೆ ಕಳಿಸುವುದು ಹಾವೇರಿ ಸೀಮೆಯ ಹಳೆಯ ಕಸುಬು. ಬ್ಯಾಡಗಿಯನ್ನು ಅರಿಯಲು ಈ ಮಾತು ಬೇಕು.

ಬ್ಯಾಡಗಿಗೂ ಸೆವಿಲ್‌ಗೂ ನಂಟು ಕಲ್ಪಿಸುವುದು ಬಲವಂತದ ಹೋಲಿಕೆಯೆಂದು ಓದುಗರಿಗೆ ಅನ್ನಿಸಬಹುದು. ಮೆಣಸಿನಕಾಯಿ ಬಂದ ದಾರಿ ಹಿಡಿದು ನೋಡಿದರೆ ಹಾಗನ್ನಿಸದು. ಮೆಣಸಿನ ಗಿಡ ಅಮೆರಿಕ ಖಂಡದ್ದು. 1492ಕ್ಕೆ ಮೊದಲು ಅದು ಏಷ್ಯಾದಲ್ಲಾಗಲಿ ಯುರೋಪಿನಲ್ಲಾಗಲಿ ಇರಲಿಲ್ಲ. ಕೊಲಂಬಸ್ಸನ ಎರಡನೆಯ ಯಾನದಲ್ಲಿ ಜೊತೆಗಿದ್ದ ವೈದ್ಯ ದಿಯೇಗೊ ಆಲ್ವಾರೆಸ್ ಚಾಂಕ ಸೆವಿಲ್‌ನವನೇ. ಅಮೆರಿಕದ ಜನ ಊಟಕ್ಕೆ ಬಳಸುವ ‘ಅಹಿ’ ಎಂಬ ಖಾರದ ಸುದ್ದಿಯನ್ನು ಅವನು ತನ್ನ ಊರಿನ ಸಭೆಗೆ ಬರೆದ ಕಾಗದದಲ್ಲಿ ತಿಳಿಸಿದ. 1503ರಲ್ಲಿ ಅಮೆರಿಕದ ವ್ಯಾಪಾರವೆಲ್ಲ ಸೆವಿಲ್‌ನ ಸರ್ಕಾರಿ ಕಚೇರಿಯ ಮೂಲಕವೇ ಸಾಗಬೇಕೆಂಬ ಕಟ್ಟಳೆ ಬಂತು. ಅದೇ ಊರಿನ ಇನ್ನೊಬ್ಬ ವೈದ್ಯ ನಿಕೊಲಾಸ್ ಮೊನಾರ್ದೆಸ್ ಆ ಶತಮಾನದ ಉತ್ತರಾರ್ಧದಲ್ಲಿ ಹೊಸ ಲೋಕದ ಗಿಡಮೂಲಿಕೆಗಳ ಬಗ್ಗೆ ಬರೆಯುವ ಹೊತ್ತಿಗೆ ಮೆಣಸಿನ ಗಿಡ ಸ್ಪೇನಿನ ಮನೆಯ ತೋಟಗಳಲ್ಲಿ ಬೇರೂರಿತ್ತು. ನಮ್ಮ ಕಡೆಗೆ ಅದನ್ನು ತಂದವರು ಪೋರ್ತುಗೀಸರು. 1510ರಿಂದ ಗೋವೆ ಅವರ ಕೈಯಲ್ಲಿತ್ತು, ಗೋವೆಯಿಂದ ಘಟ್ಟ ಹತ್ತಿದರೆ ಸಿಗುವುದು ನಮ್ಮ ಸೀಮೆಯೇ. ಇನ್ನೂ ಒಂದು ಸಂಗತಿ ಇಲ್ಲಿ ಹೇಳಬೇಕು. ಸ್ಪೇನಿನವರು ಇಂದಿಗೂ ಹೆಮ್ಮೆಪಡುವ ‘ಪಿಮೆಂತೋನ್’ ಪುಡಿಯಲ್ಲಿ ಖಾರಕ್ಕಿಂತ ಬಣ್ಣವೇ ಮುಖ್ಯ. ಬ್ಯಾಡಗಿ ಮೆಣಸಿನಕಾಯಿಯ ಗುಣವೂ ಅದೇ: ಕಡುಗೆಂಪು, ಮೈತುಂಬ ಸುಕ್ಕು, ಹದವಾದ ಖಾರ, ಬೇರೆಯದೇ ಘಮ. ಭೂಮಿಯ ಎರಡು ತುದಿಗಳಲ್ಲಿ ರೈತರು ಒಂದೇ ಗಿಡದಿಂದ ಒಂದೇ ಗುಣವನ್ನು ಆರಿಸಿ ಬೆಳೆಸಿದರು.

ಜನವರಿಯಿಂದ ಏಪ್ರಿಲ್‌ವರೆಗಿನ ಸುಗ್ಗಿಯಲ್ಲಿ ಬ್ಯಾಡಗಿ ಪೇಟೆಯ ದಿನವೆಂದರೆ ಸೋಮವಾರ ಮತ್ತು ಗುರುವಾರ. ಹಿಂದಿನ ದಿನವೇ ಲಾರಿ, ಟ್ರ್ಯಾಕ್ಟರುಗಳಲ್ಲಿ ಮಾಲು ಬರತೊಡಗುತ್ತದೆ. ತೇಜಿ ಇದ್ದ ದಿನ ಲಕ್ಷಕ್ಕೂ ಮಿಕ್ಕಿ ಚೀಲ. ದಲಾಲಿ ಅಂಗಡಿಗಳ ಮುಂದೆ ಚೀಲಗಳ ಸಾಲು, ಒಂದೊಂದು ರೈತನ ಮಾಲಿಗೆ ಒಂದೊಂದು ಲಾಟು. ಖರೀದಿದಾರರು ಚೀಲದ ಬಾಯಿಗೆ ಕೈ ಹಾಕಿ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಹಿಸುಕಿ ಹಸಿ ಎಷ್ಟಿದೆಯೆಂದು ತಿಳಿದು, ಮೂಸಿ ಮುಂದಿನ ಸಾಲಿಗೆ ಹೋಗುತ್ತಾರೆ. ಡಬ್ಬಿ ಬಗೆಯದೋ ಕಡ್ಡಿ ಬಗೆಯದೋ, ಈ ವರ್ಷದ್ದೋ ಶೀತಲಗೃಹದಲ್ಲಿ ಕೂತು ಬಂದದ್ದೋ ಎಂಬುದನ್ನು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಡ. ದರವನ್ನು ಈಗ ಕಂಪ್ಯೂಟರಿನಲ್ಲಿ ಟೆಂಡರ್ ಆಗಿ ಹಾಕುತ್ತಾರೆ. ಆದರೆ ಆ ದರಕ್ಕೆ ಆಧಾರ ಬೆರಳು, ಕಣ್ಣು, ಮೂಗುಗಳ ತಿಳಿವಳಿಕೆ. ಟೆಂಡರ್ ಮುಗಿದ ಮೇಲೆ ತೂಕ, ಹಮಾಲರ ಓಡಾಟ, ಲಾರಿಗೆ ಹೇರುವ ಗದ್ದಲ. ಒಂದು ಪಾಲು ಮಾಲು ತೊಟ್ಟು ಬಿಡಿಸಲು ಹೋಗುತ್ತದೆ. ಊರ ಸುತ್ತಲಿನ ಕಣಗಳಲ್ಲಿ ಮೂಗಿಗೆ ಸೆರಗು ಬಿಗಿದು ಕುಳಿತ ಹೆಣ್ಣುಮಕ್ಕಳು ಆ ಕೆಲಸ ಮಾಡುತ್ತಾರೆ. ಇನ್ನೊಂದು ಪಾಲು ಪುಡಿಯ ಗಿರಣಿಗೆ, ಮತ್ತೊಂದು ಓಲಿಯೊರೆಸಿನ್ ಕಾರ್ಖಾನೆಗೆ. ಅಲ್ಲಿ ತೆಗೆದ ಕೆಂಪು ರಸ ತಿಂಡಿಗೂ ಬಣ್ಣ ಕೊಡುತ್ತದೆ, ತುಟಿಗೆ ಹಚ್ಚುವ ರಂಗಿಗೂ ಸೇರುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಹಗುರವಾದದ್ದಲ್ಲ. ಇಂದು ಬ್ಯಾಡಗಿ ಪೇಟೆಗೆ ಬರುವ ಮಾಲಿನ ದೊಡ್ಡ ಪಾಲು ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ, ಧಾರವಾಡ ಜಿಲ್ಲೆಗಳದ್ದು, ಆಂಧ್ರದ್ದು. ಬ್ಯಾಡಗಿ ತಾಲ್ಲೂಕಿನ ಹೊಲಗಳಲ್ಲಿ ಮೆಣಸಿನಕಾಯಿ ಕಡಿಮೆಯಾಗಿದೆ, ಬೇರೆ ಬೆಳೆಗಳು ಆ ಜಾಗ ಹಿಡಿದಿವೆ. ಗಿಡವೂ ಹೊರಗಿನದು, ಮಾಲೂ ಹೊರಗಿನದು ಎಂದಮೇಲೆ ಇದನ್ನು ಈ ಊರಿನ ಪರಂಪರೆಯೆಂದು ತೋರಿಸುವುದು ಸರಿಯೇ? ಸೆವಿಲ್ ಇದಕ್ಕೆ ಉತ್ತರ ಕೊಡುತ್ತದೆ. ಆ ಊರಿನ ಬೀದಿಗಳ ಗುರುತೇ ಆಗಿರುವ ಕಹಿ ಕಿತ್ತಳೆಯ ಮರಗಳು ಏಷ್ಯಾದಿಂದ ಅರಬರ ಜೊತೆ ಬಂದವು. ಅಲ್ಲಿನ ವೈಭವಕ್ಕೆ ಹಣ ಬಂದದ್ದು ಮೆಕ್ಸಿಕೊ, ಪೆರುವಿನ ಬೆಳ್ಳಿಯಿಂದ. ಆ ಊರನ್ನು ಸೆವಿಲ್ ಮಾಡಿದ್ದು ಅದರ ಮಣ್ಣಿಗಿಂತ ಹೆಚ್ಚಾಗಿ ಅದರ ಸ್ಥಾನ, ಅಲ್ಲಿ ಕೂಡಿಬಂದ ವ್ಯವಹಾರಜ್ಞಾನ. ಬ್ಯಾಡಗಿಯದೂ ಅಷ್ಟೇ. ಬಳ್ಳಾರಿಯ ರೈತ ಹತ್ತಿರದ ಪೇಟೆಗಳನ್ನು ಬಿಟ್ಟು ಇಷ್ಟು ದೂರ ಮಾಲು ಹೊತ್ತು ಬರುವುದು ಇಲ್ಲಿ ತನ್ನ ಕಾಯಿಯ ಬಣ್ಣವನ್ನು ಗುರುತಿಸುವ ಕಣ್ಣುಗಳಿವೆ ಎಂಬ ನಂಬಿಕೆಯಿಂದ. ಹಾವೇರಿಗೆ ಮಲೆನಾಡಿನ ಏಲಕ್ಕಿ ಬರುತ್ತಿದ್ದುದಕ್ಕೂ ಕಾರಣ ಅದೇ ಬಗೆಯದು. ಹಾಗೆಂದು ತಾಲ್ಲೂಕಿನ ಮೂಲ ತಳಿ ಕರಗಿಹೋದರೆ ನಷ್ಟವಿಲ್ಲ ಎಂದು ನಾನು ಹೇಳುತ್ತಿಲ್ಲ. ತಳಿ ಉಳಿಯಬೇಕು. ಆದರೆ ಪೇಟೆಯ ಜ್ಞಾನವೂ ಒಂದು ಪರಂಪರೆ. ತಲೆಮಾರುಗಳಿಂದ ಕೈಯಿಂದ ಕೈಗೆ ದಾಟಿಬಂದದ್ದು.

ಎರಡನೆಯ ಆಕ್ಷೇಪಣೆ ನೈತಿಕವಾದದ್ದು. ಘಾಟಿನಲ್ಲಿ ಕಣ್ಣೀರು ಸುರಿಸುತ್ತ ದುಡಿಯುವವರನ್ನು ನೋಡಲು ಜನರನ್ನು ಕರೆಯುವುದು ಅವರ ಕಷ್ಟವನ್ನು ಚಿತ್ರವಾಗಿ ಮಾರಿದಂತಲ್ಲವೇ? ಪೇಟೆಯಲ್ಲಿ ಇರುವುದು ಬರೀ ಬಣ್ಣದ ರಾಶಿಯಲ್ಲ ಎಂಬುದು 2024ರ ಮಾರ್ಚ್ 11ರಂದು ನಾಡಿಗೇ ಗೊತ್ತಾಯಿತು. ದರ ಕುಸಿದ ಸಿಟ್ಟಿಗೆ ಅಂದು ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಸುಟ್ಟುಹೋದವು. ವರ್ಷದ ದುಡಿಮೆ ಒಂದು ಮಧ್ಯಾಹ್ನದಲ್ಲಿ ತೀರ್ಮಾನವಾಗುವ ಜಾಗದಲ್ಲಿ ಕ್ಯಾಮೆರಾ ಹಿಡಿದು ಅಡ್ಡ ನಿಲ್ಲುವ ಪ್ರವಾಸಿ ಯಾರಿಗೂ ಬೇಡ, ನಿಜ. ಆದರೂ ನೋಡದೆ ಇರುವುದು ಅದಕ್ಕಿಂತ ದೊಡ್ಡ ಅನ್ಯಾಯವೆಂದು ನನಗೆ ತೋರುತ್ತದೆ. ಸೆವಿಲ್‌ನ ಪೇಟೆಮನೆಯಲ್ಲಿ ಈಗ ಸುಮಾರು 8 ಕೋಟಿ ಪುಟಗಳ ದಾಖಲೆಗಳಿವೆ. ಅಮೃತಶಿಲೆಯ ಮೆಟ್ಟಿಲು ಹತ್ತಿ ಹೋಗುವವರಿಗೆ ನಕ್ಷೆ, ಸಹಿ, ಮುದ್ರೆಗಳು ಕಾಣುತ್ತವೆ. ಹಡಗಿನಿಂದ ಮೂಟೆ ಇಳಿಸಿದವರು, ಆ ಊರಿನಲ್ಲೇ ಸಾವಿರಗಟ್ಟಲೆ ಇದ್ದ ಗುಲಾಮರು ಕಟ್ಟಡದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಪೇಟೆ ಸ್ಮಾರಕವಾದಾಗ ಮೊದಲು ಅಳಿಸಿಹೋಗುವುದು ದುಡಿದವರ ಮುಖ. ನಮ್ಮ ಗುಡಿಗಳಲ್ಲೂ ಹಾಗೇ ಆಗಿದೆ. ದಾನಿಯ ಹೆಸರು ಕಲ್ಲಿನಲ್ಲಿ ಉಳಿಯಿತು, ಬಳಪದ ಕಲ್ಲು ಎಳೆದು ತಂದವರ ಹೆಸರು ಉಳಿಯಲಿಲ್ಲ. ಬ್ಯಾಡಗಿಯಲ್ಲಿ ಆ ಮುಖಗಳು ಇನ್ನೂ ಎದುರಿಗಿವೆ. ಟೆಂಡರಿನ ಹೊತ್ತು ಬಿಟ್ಟು, ಕೇಳಿಕೊಂಡು, ದಾರಿ ಬಿಟ್ಟು ನಿಂತು ನೋಡಿದವರಿಗೆ ಮಸಾಲೆ ಪುಡಿಯ ಪೊಟ್ಟಣ ಎಷ್ಟು ಕೈಗಳನ್ನು ದಾಟಿ ಬಂತೆಂದು ತಿಳಿಯುತ್ತದೆ. ತೊಟ್ಟು ಬಿಡಿಸುವವರ ಕೂಲಿ, ಅವರ ಕಣ್ಣು, ಶ್ವಾಸಕೋಶಗಳ ಆರೋಗ್ಯ ಸಾರ್ವಜನಿಕ ಮಾತಾಗಬೇಕಾದರೂ ಮೊದಲು ಜನ ಅವರನ್ನು ಕಾಣಬೇಕು.

ರಾಣೆಬೆನ್ನೂರಿನ ವಿಷಯ ಬೇರೆ. ಪ್ರವಾಸದ ಕೈಪಿಡಿಗಳಲ್ಲಿ ಅದರ ಹೆಸರು ಕೃಷ್ಣಮೃಗಗಳ ಅಭಯಾರಣ್ಯದಿಂದ ಬರುತ್ತದೆ. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ಹರವಿನ ಕುರುಚಲು ಕಾಡು ಮತ್ತು ಹುಲ್ಲುಗಾವಲು. ಹಿಂದೆ ಇಲ್ಲಿ ಎರೆಭೂತವೆಂಬ ದೊಡ್ಡ ಹಕ್ಕಿಯೂ ಇತ್ತು, ಈಗ ಕಾಣುವುದಿಲ್ಲ. ಬಯಲಿನ ಪ್ರಾಣಿಗಳ ನೆಲದಲ್ಲಿ ನೀಲಗಿರಿ ನೆಟ್ಟದ್ದು ತಪ್ಪಾಯಿತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಇಷ್ಟು ಹೇಳಿ ಕೈಪಿಡಿಗಳು ಮುಂದಕ್ಕೆ ಹೋಗುತ್ತವೆ. ಆದರೆ ರೈತರ ನಡುವೆ ರಾಣೆಬೆನ್ನೂರಿಗೆ ಹೆಸರು ಬಂದಿರುವುದು ಬೀಜದಿಂದ. ಸುತ್ತಲಿನ ಹಳ್ಳಿಗಳಲ್ಲಿ ಹತ್ತಿ, ಟೊಮೆಟೊ, ಮೆಣಸು, ದೊಣ್ಣೆಮೆಣಸಿನಕಾಯಿಗಳ ಸಂಕರಣ ಬೀಜ ತೆಗೆಯುವ ಕೆಲಸ ನಡೆಯುತ್ತದೆ. ಹೂ ಅರಳುವ ಮುನ್ನವೇ ಗಂಡು ಭಾಗ ಕಿತ್ತು, ಮರುದಿನ ಬೇರೆ ಗಿಡದ ಪರಾಗ ಸವರುವ ಸೂಕ್ಷ್ಮ ಕೆಲಸವದು. ಹೆಚ್ಚಾಗಿ ಹೆಂಗಸರ ಬೆರಳುಗಳೇ ಮಾಡುವಂಥದು. ಟೊಮೆಟೊ ಕೂಡ ಮೆಣಸಿನಂತೆ ಅಮೆರಿಕದಿಂದ ಸ್ಪೇನಿನ ಹಡಗುಗಳಲ್ಲಿ ಹೊರಬಂದ ಗಿಡ. ಐದು ಶತಮಾನಗಳ ಹಿಂದೆ ಕಡಲು ದಾಟಿ ಬಂದ ಬೀಜದ ಮುಂದಿನ ಪೀಳಿಗೆಗಳನ್ನು ಇಂದು ತುಂಗಭದ್ರೆಯ ದಂಡೆಯ ಸಣ್ಣ ರೈತರು ತಯಾರಿಸುತ್ತಿದ್ದಾರೆ.

ಪೇಟೆಯ ಕಡೆ ಜನರ ಕಣ್ಣು ಹೊರಳಿದರೆ ಗುಡಿಗಳು ಇನ್ನಷ್ಟು ಅನಾಥವಾಗುತ್ತವೆ, ಮೊದಲೇ ಈ ಜಿಲ್ಲೆಗೆ ಬರುವವರು ಕಡಿಮೆ ಎಂದು ಸ್ಮಾರಕಗಳ ಬಗ್ಗೆ ಕಾಳಜಿಯುಳ್ಳವರು ಹೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಬೇಲೂರು, ಹಳೇಬೀಡು, ಹಂಪೆಗಳ ಎದುರು ಗುಡಿಯ ಬಲದಿಂದಲೇ ಸ್ಪರ್ಧಿಸಿದರೆ ಹಾವೇರಿಗೆ ಉಳಿಯುವುದು ದಾರಿಹೋಕರ ಅರ್ಧ ಗಂಟೆ. ಸಿದ್ಧೇಶ್ವರನ ಶಾಸನದ ಸುಂಕದ ಸಾಲನ್ನೂ ಬ್ಯಾಡಗಿಯ ಲಾಟಿನ ಚೀಟಿಯನ್ನೂ ಒಂದೇ ಕಥೆಯಾಗಿ ಓದಬಲ್ಲ ಪ್ರವಾಸಿಗೆ ಬೇರೆಲ್ಲೂ ಸಿಗದ ತಿಳಿವು ಇಲ್ಲಿ ಸಿಗುತ್ತದೆ, ಅಂಥವನು ಒಂದು ರಾತ್ರಿ ಇಲ್ಲಿಯೇ ಉಳಿಯುತ್ತಾನೆ. ದಾರಿಯಲ್ಲಿನ ಮೋಟೆಬೆನ್ನೂರನ್ನೂ ಈ ಕಥೆಯಿಂದ ಹೊರಗಿಡುವಂತಿಲ್ಲ. ದಂಡಿ ಸತ್ಯಾಗ್ರಹದ ನಡಿಗೆಯಲ್ಲಿ ಗಾಂಧೀಜಿಯ ಜೊತೆಗಿದ್ದ ಮೈಲಾರ ಮಹಾದೇವ ಹುಟ್ಟಿದ್ದು ಅಲ್ಲಿ, 1911ರಲ್ಲಿ. ಉಪ್ಪಿನ ಮೇಲಿನ ಕರದ ವಿರುದ್ಧ ನಡೆದವನು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರ್ಕಾರ ಕಂದಾಯ ಕೂಡಿಟ್ಟಿದ್ದ ಜಾಗದ ಮೇಲೆ ನಡೆಸಿದ ದಾಳಿಯಲ್ಲಿ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರ ಜೊತೆ ಗುಂಡಿಗೆ ಬಲಿಯಾದ. ರೈತನ ಬೆಳೆಯಲ್ಲಿ ಯಾರಿಗೆ ಎಷ್ಟು ಪಾಲು ಎಂಬ ಪ್ರಶ್ನೆ ಚಾಲುಕ್ಯರ ಶಾಸನದಲ್ಲಿದೆ, ಅವನ ಸಾವಿನಲ್ಲಿದೆ, ಇಂದಿನ ಟೆಂಡರಿನಲ್ಲೂ ಇದೆ. ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಅವನದೇ ಹೆಸರು.

ಜಿಲ್ಲೆಯ ಪ್ರವಾಸೋದ್ಯಮದ ನಕ್ಷೆ ಮಾಡುವವರು ಬ್ಯಾಡಗಿಯ ಪೇಟೆಗೆ ಒಂದು ಚುಕ್ಕೆ ಹಾಕಲಿ. ಅಲ್ಲಿ ಮೆಣಸಿನಕಾಯಿಯ ಕಥೆ ಹೇಳುವ ಒಂದು ಸಣ್ಣ ಕೋಣೆಯಿರಲಿ. ಅದರಲ್ಲಿ ವರ್ತಕರಷ್ಟೇ ಜಾಗ ಹಮಾಲರಿಗೂ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೂ ಸಿಗಲಿ. ಸಿದ್ಧೇಶ್ವರ, ಮುಕ್ತೇಶ್ವರ ಗುಡಿಗಳ ಶಾಸನಗಳಲ್ಲಿ ಏನಿದೆಯೆಂಬುದನ್ನು ಇಂದಿನ ಕನ್ನಡದಲ್ಲಿ ಬರೆದು ಪಕ್ಕದಲ್ಲೇ ನಿಲ್ಲಿಸಲಿ. ಹೋಗುವವರು ಬ್ಯಾಡಗಿಗೆ ಸೋಮವಾರ ಅಥವಾ ಗುರುವಾರವೇ ಹೋಗಿ. ಮೂಗಿಗೆ ಒಂದು ವಸ್ತ್ರ ಜೊತೆಗಿರಲಿ, ಮಾಲು ತಂದ ರೈತನನ್ನು ಈ ಸಲ ದರ ಹೇಗಿದೆಯೆಂದು ಕೇಳದೆ ಬರಬೇಡಿ.